ಅನ್ನ ಬಿಟ್ಟು ಮುದ್ದೆ ತಿಂದರೂ ಶುಗರ್ ಯಾಕೆ ಇಳಿಯುತ್ತಿಲ್ಲ?

ಮುದ್ದೆಯಲ್ಲೂ ಪಿಷ್ಟ ಕಡಿಮೆಯೇನಿಲ್ಲ, ಅದಕ್ಕೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ (ಬಹುಪಾಲು ಪಿಷ್ಟವೇ) ಇದ್ದರೆ, ಅಷ್ಟೇ ರಾಗಿಯಲ್ಲಿ 67ರ ಆಸುಪಾಸು. ಜೀರ್ಣವಾದ ಮೇಲೆ ಎರಡೂ ಗ್ಲೂಕೋಸೇ.

ರಾಗಿಯ ನಿಜವಾದ ಅನುಕೂಲ ನಾರು: ಸುಮಾರು 11 ಗ್ರಾಂ. ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರಿದ್ದರೆ ಪಿಷ್ಟ ನಿಧಾನವಾಗಿ ಕರಗಿ, ಸಕ್ಕರೆ ರಕ್ತಕ್ಕೆ ಮೆಲ್ಲಗೆ ಸೇರುತ್ತದೆ. ಹಿಟ್ಟನ್ನು ಜರಡಿ ಹಿಡಿದು ತೌಡು ಚೆಲ್ಲಿದರೆ ಆ ಲಾಭ ಹೋಯಿತು. ನುಣ್ಣಗೆ ಬೀಸಿ ತೆಳ್ಳಗೆ ಕಾಸಿದ ಗಂಜಿಯಂತೂ ಇನ್ನೂ ಬೇಗ ಜೀರ್ಣವಾಗುತ್ತದೆ. ಶುಗರ್ ಇರುವವರಿಗೆ ಬೆಳಗ್ಗೆ ದೊಡ್ಡ ಲೋಟದ ತುಂಬ ರಾಗಿ ಗಂಜಿ ಕೊಡುವ ರೂಢಿ ಅಷ್ಟೇನೂ ಒಳ್ಳೆಯದಲ್ಲ.

ಮುದ್ದೆ ಬಿಡಬೇಕಿಲ್ಲ, ಗಾತ್ರ ಇಳಿಸಿ. ಒಂದು ಊಟಕ್ಕೆ 50–60 ಗ್ರಾಂ ಹಿಟ್ಟಿನ ಒಂದೇ ಮುದ್ದೆ ಸಾಕು. ಅದು ಮುಗಿದ ಮೇಲೆ 'ಒಂದೇ ತುತ್ತು' ಅಂತ ಮಜ್ಜಿಗೆ ಅನ್ನ ಬಡಿಸಿಕೊಳ್ಳುತ್ತಾರಲ್ಲ, ಬಹಳ ಜನರ ಲೆಕ್ಕ ತಪ್ಪುವುದು ಅಲ್ಲೇ. ಅರ್ಧ ತಟ್ಟೆ ಸೊಪ್ಪು, ಹುರುಳಿಕಾಯಿ ಪಲ್ಯ ಇರಲಿ, ಜೊತೆಗೆ ಬಸ್ಸಾರಿನ ಕಾಳು ಅಥವಾ ಮೊಟ್ಟೆ. ಇವನ್ನು ಮೊದಲು ತಿಂದು ಆಮೇಲೆ ಮುದ್ದೆ ಮುರಿದರೆ ಊಟದ ನಂತರದ ಏರಿಕೆ ತಗ್ಗುತ್ತದೆ.

ಮೊದಲ ತುತ್ತಿನಿಂದ 2 ಗಂಟೆಗೆ ಗ್ಲೂಕೋಮೀಟರಿನಲ್ಲಿ ನೋಡಿ. ಸಾಮಾನ್ಯವಾಗಿ 180ರ ಒಳಗಿರಬೇಕು. ಪದೇಪದೇ ದಾಟುತ್ತಿದ್ದರೆ ಮುದ್ದೆ ಇನ್ನೂ ಚಿಕ್ಕದಾಗಲಿ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಊಟ ಇಳಿಸಿದರೆ ಶುಗರ್ 70ಕ್ಕಿಂತ ಕೆಳಗೆ ಕುಸಿಯಬಹುದು. ಅಂಥವರು ಮೊದಲೇ ವೈದ್ಯರಿಗೆ ಹೇಳಿ ಡೋಸ್ ಸರಿಮಾಡಿಸಿಕೊಳ್ಳಬೇಕು.