ಸೇಬು ತೋಟವಿದ್ದವರಿಗೂ ಕಷ್ಟವೇ?

1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದ ಅಮೆರಿಕದಲ್ಲಿ ಸ್ವಂತ ಸೇಬು ತೋಟವಿದ್ದವರಿಗೆ ಹೊಟ್ಟೆಗೆ ಇತ್ತಲ್ಲ, ಮತ್ತೇನು ಕಷ್ಟ ಎಂದು ಕೇಳಿದ್ದೀರಿ. ಹೊಟ್ಟೆಗೆ ಇತ್ತು, ನಿಜ: ಹಸು, ಕೋಳಿ, ಹಿತ್ತಲ ತರಕಾರಿ, ಗಾಜಿನ ಜಾಡಿಗಳಲ್ಲಿ ಬೇಯಿಸಿ ಮುಚ್ಚಿಟ್ಟ ಹಣ್ಣು. ಆದರೆ ತೆರಿಗೆಯನ್ನೂ ಬ್ಯಾಂಕಿನ ಸಾಲವನ್ನೂ ಕೋಳಿಮೊಟ್ಟೆ ಕೊಟ್ಟು ತೀರಿಸುವಂತಿರಲಿಲ್ಲ.

ದೇಶದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ವೆನಾಚಿ ಕಣಿವೆಯನ್ನೇ ನೋಡಿ. ಕಾಯಿ ಕೊರೆಯುವ ಹುಳುವಿಗೆ ಒಂದೇ ಹಂಗಾಮಿನಲ್ಲಿ ಹಲವು ಸಲ ಸೀಸದ ಆರ್ಸೆನೇಟ್ ಎಂಬ ವಿಷ ಸಿಂಪಡಿಸಬೇಕಿತ್ತು. ಹಣ್ಣಿನ ಮೇಲೆ ಉಳಿದ ಆ ವಿಷವನ್ನು ತೆಗೆಯಲು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯಬೇಕಿತ್ತು. ದುಡ್ಡು ಕೊಟ್ಟು ಬಳಿದದ್ದನ್ನು ದುಡ್ಡು ಕೊಟ್ಟೇ ತೊಳೆಯುವುದು! ಆಮೇಲೆ ಒಂದೊಂದು ಹಣ್ಣನ್ನೂ ಕಾಗದದಲ್ಲಿ ಸುತ್ತಿ, ಮರದ ಪೆಟ್ಟಿಗೆಗೆ ಜೋಡಿಸಿ, ರೈಲು ಬಾಡಿಗೆ ತೆತ್ತು ದೂರದ ನಗರಗಳಿಗೆ ಕಳುಹಿಸಬೇಕಿತ್ತು. ಬೆಲೆ ಬಿದ್ದರೆ ಕೊಯ್ಲಿನ ಖರ್ಚೂ ಹುಟ್ಟುತ್ತಿರಲಿಲ್ಲ.

ಹೂವಿನ ಕಾಲದಲ್ಲಿ ಹಿಮ ಬೀಳುವ ಸೂಚನೆ ಸಿಕ್ಕರೆ ನಿದ್ದೆಯೂ ಹೋಯಿತು. ಹೂವು ಚಳಿಗೆ ಹೆಪ್ಪುಗಟ್ಟದಂತೆ ಬಿಸಿ ಕೊಡಲು ಮನೆಮಂದಿ ನಡುರಾತ್ರಿ ಎದ್ದು ಮರದ ಸಾಲುಗಳ ನಡುವೆ ಎಣ್ಣೆಯ ಕುಂಡಗಳನ್ನು ಉರಿಸುತ್ತಿದ್ದರು. ಬೆಳಗಾದರೆ ಮೂಗಿನೊಳಗೂ ಮಸಿ.

ಅಂದಹಾಗೆ, 1930ರ ಕೊನೆಯಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ನಿರುದ್ಯೋಗಿಗಳು 5 ಸೆಂಟಿಗೆ ಒಂದರಂತೆ ಮಾರುತ್ತಿದ್ದುದು ವಾಯವ್ಯದ ಇಂಥ ತೋಟಗಳಲ್ಲಿ ಮಿಕ್ಕಿದ ಹಣ್ಣನ್ನೇ.