ಅ ಆ ಇ ಈ ಬರಲ್ಲ, ಆದರೆ ‘ಗರಗಸ’ ಓದುತ್ತಾನೆ!

ಪ್ರಾಥಮಿಕ ಶಾಲೆಯ ದಿನನಿತ್ಯದ ಕಲಿಕೆ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಉತ್ತರಿಸಿದವರು ಸರ್ಕಾರಿ ಶಾಲೆಯಲ್ಲಿ ಹಲವು ವರ್ಷ ನಲಿ-ಕಲಿ (ಒಂದರಿಂದ ಮೂರನೇ ತರಗತಿ ಮಕ್ಕಳನ್ನು ಒಟ್ಟಿಗೆ ಕೂರಿಸಿ ಹಾಡು, ಆಟ, ಕಾರ್ಡುಗಳ ಮೂಲಕ ಕಲಿಸುವ ಪದ್ಧತಿ) ತರಗತಿ ನಡೆಸಿದ ಶಿಕ್ಷಕಿ.

ಪ್ರಶ್ನೆ: ಬೆಂಗಳೂರು ಬಿಟ್ಟು ಊರಿಗೆ ವಾಪಸ್ ಬಂದಿದ್ದೇವೆ. ಮಗನನ್ನು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೇರಿಸಿದ್ದೇವೆ. ನಾಲ್ಕು ತಿಂಗಳಾಯಿತು, ‘ಅ ಆ ಇ ಈ ಹೇಳೋ’ ಅಂದರೆ ತಡವರಿಸುತ್ತಾನೆ. ಸ್ಲೇಟಿನ ಮೇಲೆ ರ, ಗ, ಸ ಅಂತ ಏನೇನೋ ಬರೆಯುತ್ತಾನೆ. ಒಂದು, ಎರಡು, ಮೂರನೇ ಕ್ಲಾಸಿನವರೆಲ್ಲ ಒಂದೇ ರೂಮು. ಹೋದಾಗೆಲ್ಲ ಹಾಡು, ಕುಣಿತ, ಗಲಾಟೆ. ‘ಇದೇನು ಸ್ಕೂಲೋ ಸಂತೆಯೋ’ ಅಂತಾರೆ ನಮ್ಮತ್ತೆ. ಪ್ರೈವೇಟ್ ಶಾಲೆಗೆ ಹಾಕಿಬಿಡೋದಾ?

ಸ್ವಲ್ಪ ತಡೆಯಿರಿ. ಮೊದಲು ಒಂದು ಕೆಲಸ ಮಾಡಿ. ಮಗ ಆಡಿ ಬಂದ ಮೇಲೆ, ಪರೀಕ್ಷೆ ಅಂತ ಹೇಳದೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ‘ಗರಗಸ’ ಅಂತ ಬರೆಯಿರಿ. ಆಮೇಲೆ ‘ಅರಸ’, ‘ಅಗಸ’, ‘ದರ’. ಅವನು ಓದಿದರೆ ನಿಮ್ಮ ಅತ್ತೆಯವರನ್ನೂ ಕರೆದು ತೋರಿಸಿ.

ಅವನು ಬರೆಯುವುದು ‘ಏನೇನೋ’ ಅಲ್ಲ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದೇ ರ, ಗ, ಸ, ದ, ಅ ಎಂಬ ಐದರಿಂದ. ಈ ಐದೇ ಅಕ್ಷರ ಕಲಿತ ಮಗು ಅವತ್ತೇ ಸರ, ರಸ, ಸರಸರ ಅಂತ ಓದಬಹುದು. ಮುಂದಿನ ಗುಂಪು ಜ, ವ, ಮ, ಬ, ನ. ಈಗ ಹತ್ತಾಯಿತು ನೋಡಿ. ಮರ, ಜನ, ನಗರ, ಬಸವ, ‘ಅರಸನ ಗಜ’ ಎಲ್ಲ ಓದಲು ಬರುತ್ತವೆ. ವರ್ಣಮಾಲೆಯ ಸಾಲಿನಲ್ಲೇ ಹೋದರೆ ಅ, ಆ, ಇ, ಈ, ಉ ಐದೂ ಸ್ವರ. ಅವುಗಳಿಂದ ಯಾವ ಪದ ಕಟ್ಟುತ್ತೀರಿ? ಕನ್ನಡದಲ್ಲಿ ಸ್ವರ ತನ್ನ ಪೂರ್ತಿ ಆಕಾರದಲ್ಲಿ ಕಾಣುವುದು ಹೆಚ್ಚಾಗಿ ಪದದ ಮೊದಲಲ್ಲಿ ಮಾತ್ರ. ಉಳಿದ ಕಡೆ ಅದು ಕೊಂಬಾಗಿಯೋ ದೀರ್ಘವಾಗಿಯೋ ಬೇರೆ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ. ಸಾಲುಸಾಲಾಗಿ ಕಲಿಯುವ ಮಗು ಋ ತಿದ್ದುತ್ತಾ ಕೂತಿರುವ ಹೊತ್ತಿಗೆ ನಿಮ್ಮ ಮಗ ಗರಗಸ ಓದಿ ಮುಗಿಸಿರುತ್ತಾನೆ.

ನಾನೂ ಮೊದಲು ಇದನ್ನು ನಂಬಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಮೊದಲ ವರ್ಷ ತರಬೇತಿ ಮುಗಿಸಿ ಬಂದರೂ ಸಾಯಂಕಾಲ ಬೆಲ್ ಹೊಡೆಯೋ ಮುಂಚೆ ಗುಟ್ಟಾಗಿ ಅ ಆ ಇ ಈ ಹೇಳಿಸುತ್ತಿದ್ದೆ. ಬೇರೆ ಶಾಲೆಯಿಂದ ಬಂದ ಒಬ್ಬ ಹುಡುಗ ಇದ್ದ. ಅ ಇಂದ ಳ ವರೆಗೆ ಒಂದೇ ಉಸಿರಲ್ಲಿ, ರಾಗವಾಗಿ ಹೇಳುತ್ತಿದ್ದ. ಎಷ್ಟು ಚೆಂದ ಅಂದುಕೊಂಡೆ. ಒಂದಿನ ಗೋಡೆಯ ಮೇಲೆ ‘ಟ’ ತೋರಿಸಿ ಇದೇನು ಅಂದೆ. ಅವನು ಕಣ್ಣು ಮುಚ್ಚಿ ಅ ಇಂದ ಹಾಡಲು ಶುರು ಮಾಡಿದ! ಬೆರಳಲ್ಲಿ ಚಾರ್ಟಿನ ಒಂದೊಂದೇ ಮನೆ ದಾಟುತ್ತಾ ಬಂದು, ಟ ಹತ್ತಿರ ನಿಂತು ‘ಟ’ ಅಂದ. ಅವನಿಗೆ ಹಾಡು ಗೊತ್ತಿತ್ತು, ಅಕ್ಷರ ಗೊತ್ತಿರಲಿಲ್ಲ. ಅವತ್ತಿನಿಂದ ನನ್ನ ಗುಟ್ಟಿನ ಪಾಠ ನಿಂತುಹೋಯಿತು. ಸ್ವರಗಳೂ ಬರುತ್ತವೆ, ವರ್ಣಮಾಲೆಯ ಸಾಲೂ ಬರುತ್ತದೆ, ಸ್ವಲ್ಪ ತಡವಾಗಿ ಅಷ್ಟೆ. ನಿಘಂಟು ನೋಡುವಾಗ ಅದು ಬೇಕೇ ಬೇಕು.

ಇನ್ನು ಮೂರು ಕ್ಲಾಸು ಒಂದೇ ರೂಮಿನಲ್ಲಿ ಕೂರುವ ವಿಷಯ. ಈ ಪದ್ಧತಿ ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಿಗೆ ಹೋಗಿ ನೋಡಿ ಬಂದ ನಮ್ಮ ಮೇಷ್ಟ್ರುಗಳೇ ಅದನ್ನು ಕನ್ನಡಕ್ಕೆ ಒಗ್ಗಿಸಿದರು. 2009-10ರಿಂದ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು. ಇಪ್ಪತ್ತೋ ಮೂವತ್ತೋ ಮಕ್ಕಳು, ಒಬ್ಬರೇ ಟೀಚರ್, ಮೂರು ತರಗತಿ. ನಮ್ಮ ಹಳ್ಳಿ ಶಾಲೆಗಳ ನಿಜ ಸ್ಥಿತಿ ಅದು. ಒಂದು ಕ್ಲಾಸಿಗೆ ಪಾಠ ಮಾಡುವಾಗ ಉಳಿದ ಎರಡು ಸುಮ್ನೆ ‘ಕೈ ಕಟ್ಟಿ, ಬಾಯಿ ಮುಚ್ಚಿ’ ಅಂತ ಕೂರಬೇಕಿತ್ತು. ನಲಿ-ಕಲಿಯಲ್ಲಿ ಮಕ್ಕಳು ಕಲಿಕೆಯಲ್ಲಿ ಅವರವರು ಮುಟ್ಟಿದ ಮೆಟ್ಟಿಲಿಗೆ ತಕ್ಕಂತೆ ತಂಡವಾಗಿ ಕೂರುತ್ತಾರೆ. ಒಂದು ತಂಡಕ್ಕೆ ಟೀಚರ್ ಪೂರ್ತಿ ಬೇಕು. ಇನ್ನೊಂದಕ್ಕೆ ಗೆಳೆಯರ ಸಹಾಯ ಸಾಕು. ಮತ್ತೊಂದು ತಾನೇ ಕಾರ್ಡ್ ನೋಡಿ ಮಾಡಿಕೊಳ್ಳುತ್ತದೆ.

ಮುಂದಿನ ಸಲ ಹೋದಾಗ ಬಾಗಿಲಲ್ಲೇ ನಿಂತು ವಾಪಸ್ ಬರಬೇಡಿ, ಒಳಗೆ ಹೋಗಿ ಅರ್ಧ ಗಂಟೆ ಕೂತುಕೊಳ್ಳಿ. ಗೋಡೆಯಲ್ಲಿ ಏಣಿಯ ಚಿತ್ರ ಇರುತ್ತದೆ, ಕಲಿಕೆಯ ಮೆಟ್ಟಿಲುಗಳೆಲ್ಲ ಅದರಲ್ಲಿವೆ. ನಿಮ್ಮ ಮಗ ಬೆಳಿಗ್ಗೆ ಬಂದು ತಾನು ಎಲ್ಲಿದ್ದೇನೆ ಅಂತ ಅದರಲ್ಲಿ ನೋಡಿ, ಆ ಗುರುತಿನ ಕಾರ್ಡ್ ಹುಡುಕಿಕೊಂಡು ತನ್ನ ತಂಡಕ್ಕೆ ಹೋಗಿ ಕೂರುತ್ತಾನೆ. ತಲೆ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹ ಎಲ್ಲ ತೂಗು ಹಾಕಿರುತ್ತಾರೆ, ಅದು ಕಲಿಕಾ ಚಪ್ಪರ. ಗೋಡೆಯ ಕೆಳಗೆ, ಅವರ ಎತ್ತರಕ್ಕೇ ಕಪ್ಪು ಹಲಗೆ. ಹವಾಮಾನ ನಕ್ಷೆಯಲ್ಲಿ ಇವತ್ತು ಮೋಡವೋ ಬಿಸಿಲೋ ಅಂತ ಯಾರೋ ಇಬ್ಬರು ಜಗಳ ಆಡುತ್ತಿರುತ್ತಾರೆ. ನಿಮಗೆ ಕೇಳಿಸಿದ ಗಲಾಟೆ ಬಹುಶಃ ಅದೇ.

ಇದರಲ್ಲಿ ತಕರಾರೇ ಇಲ್ಲ ಅಂತಲ್ಲ. ಇರುವ ಒಬ್ಬ ಟೀಚರ್ ಮೀಟಿಂಗಿಗೋ ಚುನಾವಣೆ ಕೆಲಸಕ್ಕೋ ಹೋದರೆ ಇಡೀ ಏಣಿ ಅಲ್ಲೇ ನಿಂತುಬಿಡುತ್ತದೆ. ಕಾರ್ಡ್ ಹರಿದುಹೋಗಿ ಹೊಸದು ಬರದ ಶಾಲೆಗಳಿವೆ. ಕೆಲವು ಮಕ್ಕಳು ಕಾರ್ಡ್ ಬಾಯಿಪಾಠ ಮಾಡಿಬಿಡುತ್ತಾರೆ, ಬೇರೆ ಪುಸ್ತಕ ಕೊಟ್ಟರೆ ಓದಲು ತಿಣುಕುತ್ತಾರೆ. ನಾಲ್ಕನೇ ಕ್ಲಾಸಿಗೆ ಹೋದಾಗ ಒಮ್ಮೆಲೇ ಪಠ್ಯಪುಸ್ತಕ, ಸಾಲಲ್ಲಿ ಕೂರುವುದು, ಆಗಲೂ ಒಂದು ಕುಲುಕಾಟ ಆಗುತ್ತದೆ. ಹಾಗಾಗಿ ಟೀಚರ್ ಹತ್ತಿರ ‘ಅ ಆ ಯಾವಾಗ ಕಲಿಸ್ತೀರಿ’ ಅಂತ ಕೇಳಬೇಡಿ. ‘ಏಣಿಯಲ್ಲಿ ನನ್ನ ಮಗ ಎಲ್ಲಿದ್ದಾನೆ, ಹೋದ ತಿಂಗಳು ಎಲ್ಲಿದ್ದ’ ಅಂತ ಕೇಳಿ. ಎರಡು ತಿಂಗಳಿಂದ ಅದೇ ಮೆಟ್ಟಿಲಲ್ಲಿದ್ದರೆ ಆಗ ನಾನೂ ನಿಮ್ಮ ಜೊತೆ ಚಿಂತೆ ಮಾಡುತ್ತೇನೆ. ಶಾಲೆ ಬದಲಾಯಿಸುವ ಮಾತು ಆಮೇಲೆ.

ಪ್ರಶ್ನೆ: ಎರಡನೇ ಕ್ಲಾಸಿನ ಮಗಳಿಗೆ ಹೋಂವರ್ಕೇ ಕೊಡಲ್ಲ. ಪಕ್ಕದ ಮನೆ ಮಗುಗೆ ದಿನಾ ನಾಲ್ಕು ಪುಟ ಇರುತ್ತೆ. ಟ್ಯೂಷನ್‌ಗೆ ಹಾಕಲಾ?

ಬೇಡ. ಒಂದು ಮತ್ತು ಎರಡನೇ ತರಗತಿಗೆ ಹೋಂವರ್ಕ್ ಕೊಡಬಾರದು ಅಂತ 2019ರಲ್ಲೇ ಸರ್ಕಾರದ ಆದೇಶ ಆಗಿದೆ. ಈ ಮಕ್ಕಳ ಬ್ಯಾಗ್ 2 ಕೆ.ಜಿ. ದಾಟಬಾರದು ಅಂತ ಹೇಳಿದ್ದೂ ಅದೇ ಆದೇಶ. ಪಕ್ಕದ ಮನೆ ಮಗುವಿನ ನಾಲ್ಕು ಪುಟಕ್ಕೆ ನಾನು ಜವಾಬ್ದಾರಳಲ್ಲ.

ಮನೆಯಲ್ಲಿ ಏನೂ ಮಾಡಬೇಡಿ ಅಂತ ಅಲ್ಲ. ಸಾಮಾನಿನ ಚೀಟಿ ಅವಳ ಕೈಯಲ್ಲಿ ಬರೆಸಿ. ‘ತೊಗರಿ ಬೇಳೆ’ ತಪ್ಪಾದರೆ ಅಂಗಡಿಯವರೇ ಕೇಳುತ್ತಾರೆ. ಬಸ್ಸಿನ ಬೋರ್ಡ್ ಓದಿಸಿ. ಮಲಗುವಾಗ ಹತ್ತು ನಿಮಿಷ ನೀವು ಕಥೆ ಓದಿ. ಓದುವುದು ಮುಖ್ಯ, ಓದಿದ ಮೇಲೆ ‘ಈ ಕಥೆಯ ನೀತಿ ಏನು’ ಅಂತ ಮಾತ್ರ ಕೇಳಬೇಡಿ.

ಪ್ರಶ್ನೆ: ಮೂರನೇ ಕ್ಲಾಸಿನ ಮಗ ಕಳೆಯುವ ಲೆಕ್ಕಕ್ಕೆ ಇನ್ನೂ ಬೆರಳು ಎಣಿಸ್ತಾನೆ. ಬೆರಳು ಬಿಟ್ಟು ಮಾಡು ಅಂದರೆ ತಪ್ಪು ಮಾಡ್ತಾನೆ. 42ರಲ್ಲಿ 19 ಕಳೆದು 37 ಅಂತ ಬರೆದಿದ್ದ! ಬೈದುಬಿಟ್ಟೆ.

ಬೈಯುವ ಮೊದಲು ಆ 37 ಎಲ್ಲಿಂದ ಬಂತು ನೋಡಿ. 9ರಲ್ಲಿ 2 ಕಳೆದರೆ 7. 4ರಲ್ಲಿ 1 ಕಳೆದರೆ 3. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ಯಾರೋ ಹೇಳಿದ್ದನ್ನು ಅವನು ಅಚ್ಚುಕಟ್ಟಾಗಿ ಪಾಲಿಸಿದ್ದಾನೆ! ಅವನಿಗೆ ಕಳೆಯಲು ಬರುತ್ತದೆ. 42 ಅಂದರೆ ನಾಲ್ಕು ಹತ್ತು, ಎರಡು ಬಿಡಿ ಅನ್ನುವುದು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿಲ್ಲ.

ಪೊರಕೆ ಕಡ್ಡಿ ಮುರಿದು ಹತ್ತತ್ತರ ನಾಲ್ಕು ಕಂತೆ ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿ. ಪಕ್ಕದಲ್ಲಿ ಎರಡು ಬಿಡಿ ಕಡ್ಡಿ ಇಡಿ. ‘ಇದರಲ್ಲಿ 19 ನನಗೆ ಕೊಡು’ ಅನ್ನಿ. ಒಂದು ಕಂತೆ ಕೊಟ್ಟುಬಿಡುತ್ತಾನೆ. ಇನ್ನೂ 9 ಕೊಡಬೇಕು, ಇರುವುದು ಎರಡೇ ಬಿಡಿ. ಇಲ್ಲಿ ನೀವು ಬಾಯಿ ಬಿಡಬೇಡಿ. ಅವನೇ ಇನ್ನೊಂದು ಕಂತೆಯ ರಬ್ಬರ್ ಬ್ಯಾಂಡ್ ಕೀಳುತ್ತಾನೆ. ಅವನು ಅದನ್ನು ಕೀಳಲೇಬೇಕು. ಪುಸ್ತಕದಲ್ಲಿ ‘ದಶಕ ತೆಗೆದುಕೊಳ್ಳುವುದು’ ಅನ್ನುವುದು ಇದನ್ನೇ. ಈಗ ಹನ್ನೆರಡು ಬಿಡಿ ಆಯಿತು, ಒಂಬತ್ತು ಕೊಟ್ಟ, ಮೂರು ಉಳಿಯಿತು. ಕಂತೆ ಎರಡು. 23. ಒಂದು ವಾರ ಕಡ್ಡಿ, ಆಮೇಲೆ ಕಡ್ಡಿ ಮತ್ತು ಪುಸ್ತಕ ಎರಡೂ ಒಟ್ಟಿಗೆ, ಆಮೇಲೆ ಬರೀ ಪುಸ್ತಕ.

ಬೆರಳಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮಜ್ಜಿ ಎಪ್ಪತ್ತು ವರ್ಷದವರೆಗೂ ಹೆಬ್ಬೆರಳಲ್ಲಿ ಗೆಣ್ಣು ಮುಟ್ಟಿ ಹಾಲಿನ ಲೆಕ್ಕ ಇಡುತ್ತಿದ್ದರು, ಒಂದು ಪೈಸೆ ತಪ್ಪುತ್ತಿರಲಿಲ್ಲ.

ಪ್ರಶ್ನೆ: ಶಾಲೆಯಲ್ಲಿ ಕೊಡುವ ಹಾಲು ಮಗಳು ಕುಡಿಯಲ್ಲ, ವಾಸನೆ ಅಂತಾಳೆ. ಬಲವಂತ ಮಾಡಿ ಅಂತ ಟೀಚರಿಗೆ ಹೇಳಲಾ?

ದಯವಿಟ್ಟು ಹೇಳಬೇಡಿ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯ ಹಾಲು ಪುಡಿಯಿಂದ ಮಾಡುವುದು. 18 ಗ್ರಾಂ ಪುಡಿಗೆ 150 ಮಿ.ಲೀ. ಹಾಲು. ಕರೆದ ಹಾಲು ಕುಡಿದು ಬೆಳೆದ ಹಳ್ಳಿ ಮಕ್ಕಳಿಗೆ ಇದರ ರುಚಿ ಬೇರೆ ಅನಿಸುತ್ತದೆ, ಅದರಲ್ಲಿ ಸೊಕ್ಕೇನಿಲ್ಲ. ಪುಡಿಯನ್ನು ನೇರ ಬಿಸಿ ನೀರಿಗೆ ಸುರಿದರೆ ಗಂಟಾಗುತ್ತದೆ. ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಆಮೇಲೆ ಕುದಿಯುವ ನೀರಿಗೆ ಹಾಕಬೇಕು ಅನ್ನುವುದು ನಮ್ಮ ಅಡುಗೆಯಮ್ಮನಿಗೆ ಗೊತ್ತಾದ ಮೇಲೆ ನಮ್ಮ ಶಾಲೆಯಲ್ಲಿ ಅರ್ಧ ದೂರು ನಿಂತುಹೋಯಿತು. ನಿಮ್ಮ ಶಾಲೆಯಲ್ಲಿ ಹೇಗೆ ಮಾಡುತ್ತಾರೆ, ಒಂದು ಬೆಳಿಗ್ಗೆ ಹೋಗಿ ನೋಡಿ ಬನ್ನಿ. 2024ರಿಂದ ವಾರದಲ್ಲಿ ಮೂರು ದಿನ ಇದೇ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡುತ್ತಾರೆ. ಬರೀ ಹಾಲು ಬೇಡ ಅನ್ನುವ ಎಷ್ಟೋ ಮಕ್ಕಳು ಅದನ್ನು ಎರಡನೇ ಲೋಟ ಕೇಳುತ್ತಾರೆ. ಆ ದಿನಗಳಿಂದಲೇ ಅರ್ಧ ಲೋಟ ಹಾಕಿಸಿ ಶುರು ಮಾಡಲಿ.