ಡ್ರ್ಯಾಗ್ ಬಗ್ಗೆ ಸ್ಟೂಡೆಂಟ್ ಡಾಕ್ಯುಮೆಂಟರಿ ಮಾಡಬೇಕು, ಇರೋದು ಶಿರಸಿಯಲ್ಲಿ. ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಶಿರಸಿಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದೀರಿ. ಡ್ರ್ಯಾಗ್, ಅಂದರೆ ಹೆಚ್ಚಾಗಿ ಗಂಡಸರು ಹೆಣ್ಣಿನ ವೇಷದಲ್ಲಿ ರಂಗಕ್ಕೆ ಬರುವ ಕಲೆ, ಅದರ ಬಗ್ಗೆ ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಬೇಕು. ಬೆಂಗಳೂರಿಗೆ ನಾಲ್ಕು ಸಲ ಓಡಾಡುವಷ್ಟು ದುಡ್ಡಿಲ್ಲ. ನಮ್ಮ ಜಿಲ್ಲೆಯಲ್ಲೇ ಏನಾದರೂ ಸಿಗುತ್ತದಾ, ಸಿಕ್ಕರೆ ಹೇಗೆ ತೆಗೆಯೋದು?

ಸಿಗುತ್ತದೆ. ಆರು ವರ್ಷದ ಹಿಂದೆ ನಾನೂ ಕಾಲೇಜಿಗೆ ಇದೇ ಥರದ್ದೊಂದು ಮಾಡಿದ್ದೆ, ಹೊನ್ನಾವರ ಕಡೆಯ ಒಬ್ಬ ಯಕ್ಷಗಾನ ಸ್ತ್ರೀವೇಷಧಾರಿಯ ಬಗ್ಗೆ. ಈಗ ಕುಮಟಾದಲ್ಲಿ ಮದುವೆ, ಉಪನಯನದ ವಿಡಿಯೋ ತೆಗೆದು ಹೊಟ್ಟೆ ಹೊರೆಯುತ್ತಿದ್ದೇನೆ. ಹಾಗಾಗಿ ದೊಡ್ಡ ನಿರ್ದೇಶಕನ ಮಾತು ಅಂತ ತಿಳಿಯಬೇಡಿ. ಮಾಡಿ ಕೆಡಿಸಿದವನ ಮಾತು, ಅಷ್ಟೇ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ಯಕ್ಷಗಾನದ ಸ್ತ್ರೀವೇಷವೂ ಡ್ರ್ಯಾಗೂ ಒಂದೇನಾ? ಅಲ್ಲ. ನನ್ನ ಮೊದಲ ಸ್ಕ್ರಿಪ್ಟಿನಲ್ಲಿ ‘ನಮ್ಮ ಹಳ್ಳಿಯ ಡ್ರ್ಯಾಗ್ ಕ್ವೀನ್’ ಅಂತ ಬರೆದಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಡ್ರ್ಯಾಗ್ ಕಲಾವಿದರು ತಮ್ಮದೇ ಒಂದು ಪಾತ್ರ ಹುಟ್ಟಿಸಿಕೊಳ್ಳುತ್ತಾರೆ. ಅದಕ್ಕೊಂದು ಹೆಸರು, ಒಂದು ಸ್ವಭಾವ, ಒಂದು ನಾಲಗೆ ಇರುತ್ತದೆ. ಬೆಂಗಳೂರಿನ ಅಲೆಕ್ಸ್ ಮ್ಯಾಥ್ಯೂ ರಂಗದ ಮೇಲೆ ‘ಮಾಯಾ’ ಆಗುತ್ತಾರೆ, ಎಷ್ಟೇ ಶೋ ಆದರೂ ಅವಳು ಮಾಯಾನೇ. ಒಳಗಿರುವವರು ಯಾರು ಅಂತ ನೋಡುವವರಿಗೂ ಗೊತ್ತು, ಆ ಗುಟ್ಟಿನಲ್ಲೇ ಅರ್ಧ ಮಜಾ. ಸ್ತ್ರೀವೇಷ ಹಾಗಲ್ಲ. ಇವತ್ತು ದಮಯಂತಿ, ನಾಳೆ ಅಂಬೆ, ನಾಡಿದ್ದು ಚಂದ್ರಮತಿ. ಕಲಾವಿದ ಪಾತ್ರದ ಹಿಂದೆ ಮರೆಯಾಗಬೇಕು. ಮರೆಯಾಗದಿದ್ದರೆ ಮಾರನೇ ದಿನ ಚಾ ಅಂಗಡಿಯಲ್ಲಿ ಮಾತು ಕೇಳಬೇಕಾಗುತ್ತದೆ.

ಆದರೂ ಕಸುಬು ನೋಡಿದರೆ ಎರಡೂ ಹತ್ತಿರದ ನೆಂಟರೇ. ಹೆಣ್ಣುತನವನ್ನು ಗಮನಿಸಿ, ಬಿಡಿಸಿ, ಮೈಮೇಲೆ ಮತ್ತೆ ಜೋಡಿಸುವ ಕೆಲಸ ಎರಡರಲ್ಲೂ ಇದೆ. ನಿಮ್ಮ ಚಿತ್ರ ಈ ನಂಟಿನ ಮೇಲೆ ನಿಲ್ಲಬಹುದು. ಆದರೆ ‘ಡ್ರ್ಯಾಗ್’ ಅನ್ನೋ ಹಣೆಪಟ್ಟಿಯನ್ನು ಕಲಾವಿದರಿಗೆ ನೀವೇ ಅಂಟಿಸಬೇಡಿ. ಡ್ರ್ಯಾಗ್ ಶೋದ ಒಂದು ವಿಡಿಯೋ ತೋರಿಸಿ, ಅವರು ಏನನ್ನುತ್ತಾರೋ ಅದನ್ನೇ ರೆಕಾರ್ಡ್ ಮಾಡಿ. ನಾನು ತೋರಿಸಿದಾಗ ನಮ್ಮವರು, ಅಂದರೆ ನನ್ನ ಚಿತ್ರದ ಆ ಕಲಾವಿದರು, ಎರಡು ಸಲ ನೋಡಿದರು. ಆಮೇಲೆ ಕೇಳಿದ್ದು ಒಂದೇ: ‘ಈ ಹುಬ್ಬು ಎಂತದ್ರಲ್ಲಿ ಬರೀತ್ರಾ?’

ಯಲ್ಲಮ್ಮನ ಸೇವೆ ಮಾಡುವ ಜೋಗತಿಯರನ್ನೂ ಇದೇ ಬುಟ್ಟಿಗೆ ಹಾಕಬೇಡಿ. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಕುಣಿತ ಅವರ ಬದುಕು, ನಂಬಿಕೆ ಎರಡಕ್ಕೂ ಅಂಟಿಕೊಂಡದ್ದು. ಆಟ ಮುಗಿದ ಮೇಲೆ ಬಿಚ್ಚಿಡುವ ವೇಷ ಅಲ್ಲ ಅದು. ಹತ್ತು ನಿಮಿಷದಲ್ಲಿ ಮೂರನ್ನೂ ತುರುಕಿದರೆ ಯಾರಿಗೂ ನ್ಯಾಯ ಸಿಗುವುದಿಲ್ಲ.

ಇನ್ನು ನಮ್ಮ ಕಡೆಯ ಸರಕು. ಗುಣವಂತೆಯ ಕೆರೆಮನೆಯವರ ಇಡಗುಂಜಿ ಮೇಳವನ್ನು ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ್ದು 1934ರಲ್ಲಿ. ಅದು ಈಗಲೂ ನಡೆಯುತ್ತಿದೆ. ಅದಕ್ಕಿಂತ ಹಿಂದಿನ ಕಥೆ ಇನ್ನೂ ಸೊಗಸು. ಹೊನ್ನಾವರದ ಪಕ್ಕದ ಕರ್ಕಿಯ ಮೇಳ ಸಾಂಗಲಿಗೆ ಹೋಗಿ ಆಟ ಆಡಿತು, ಅದನ್ನು ನೋಡಿದ ಅಲ್ಲಿನ ಅರಸರು ನಮ್ಮಲ್ಲೂ ಇಂಥದ್ದು ಬೇಕು ಅಂತ ವಿಷ್ಣುದಾಸ ಭಾವೆಯವರಿಗೆ ಹೇಳಿದರು, 1843ರಲ್ಲಿ ‘ಸೀತಾ ಸ್ವಯಂವರ’ ಆಯಿತು ಅಂತ ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತಾರೆ. ಮರಾಠಿ ರಂಗಭೂಮಿಯ ಚರಿತ್ರೆ ಶುರುವಾಗುವುದೂ ಆ ನಾಟಕದಿಂದಲೇ. ಮುಂದೆ ಅದೇ ರಂಗಭೂಮಿಯಲ್ಲಿ ಬಾಲಗಂಧರ್ವ ಅನ್ನೋ ನಟ ಬಂದರು. ಹೆಣ್ಣಿನ ಪಾತ್ರದಲ್ಲಿ ಅವರು ಉಟ್ಟ ಸೀರೆ, ಮುಡಿದ ಹೂವು ನೋಡಿ ಮನೆಯ ಹೆಂಗಸರು ಹಾಗೇ ಉಡೋಕೆ ಶುರು ಮಾಡಿದರು. ಕಾರವಾರ ಕಡೆ ಮರಾಠಿ ನಾಟ್ಯಗೀತೆಯ ಹುಚ್ಚಿರುವ ಅಜ್ಜಂದಿರು ಸಿಕ್ಕರೆ ಬಾಲಗಂಧರ್ವರ ಹೆಸರು ಎತ್ತಿ ನೋಡಿ. ಒಂದು ಗಂಟೆಯ ಬೈಟ್ ಗ್ಯಾರಂಟಿ, ಮೂವತ್ತು ಸೆಕೆಂಡ್ ಸಾಕು ಅನ್ನೋದು ಬೇರೆ ಮಾತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ನೀವೂ ಇದನ್ನೇ ಮಾಡೋಕೆ ಹೊರಟಿರುತ್ತೀರಿ ಅಂತ ನನ್ನ ಅನುಮಾನ.

ನನ್ನ ಚಿತ್ರ ಶುರುವಾಗಿದ್ದು ಚೌಕಿಯಲ್ಲಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗದಲ್ಲಿ. ಲುಂಗಿ ಉಟ್ಟ, ಗಡ್ಡ ಬೋಳಿಸುತ್ತಿರುವ ಗಂಡಸು. ಕಟ್. ಮುಖಕ್ಕೆ ಬಣ್ಣ. ಕಟ್. ಕಾಡಿಗೆ, ಜಡೆ, ಡಾಬು, ಗೆಜ್ಜೆ. ಕಟ್. ಮೋಹಿನಿ! ನನ್ನ ಗೈಡ್‌ಗೆ ಇದು ಬಹಳ ಹಿಡಿಸಿತು. ‘ಇದನ್ನೇ ಟೀಸರ್ ಮಾಡು’ ಅಂದರು, ಮಾಡಿದೆ. ಯಾರೋ ಪುಣ್ಯಾತ್ಮ ಅದರಲ್ಲಿ ಇಪ್ಪತ್ತು ಸೆಕೆಂಡ್ ಕತ್ತರಿಸಿ, ಸಿನಿಮಾದ ಐಟಂ ಹಾಡು ಸೇರಿಸಿ ವಾಟ್ಸ್‌ಆ್ಯಪ್‌ಗೆ ಬಿಟ್ಟ. ಕಲಾವಿದರ ಮಗಳು ಆಗ ಎಂಟನೇ ಕ್ಲಾಸು. ಒಂದು ವಾರ ಶಾಲೆಗೆ ಹೋಗಲಿಲ್ಲ. ಕ್ಷಮೆ ಕೇಳೋಕೆ ಮನೆಗೆ ಹೋದರೆ ಅವರು ಕುಡಿಯೋಕೆ ಆಸರಿಗೆ ಕೊಟ್ಟು, ‘ಅಡ್ಡಿಲ್ಲೆ ತಮಾ’, ಪರವಾಗಿಲ್ಲ ತಮ್ಮಾ, ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಯೋಚಿಸಿದೆ. ತಪ್ಪು ಆ ವಾಟ್ಸ್‌ಆ್ಯಪ್‌ನವನದ್ದು ಮಾತ್ರ ಅಲ್ಲ. ಗಂಡಸು ಹೆಂಗಸಾದ ಅನ್ನೋ ಅಚ್ಚರಿ ಬಿಟ್ಟು ನನ್ನ ಟೀಸರಿನಲ್ಲಿ ಬೇರೆ ಏನೂ ಇರಲಿಲ್ಲ. ಅವನು ಹಾಡು ಬದಲಾಯಿಸಿದ, ಅಷ್ಟೇ.

ಹಾಗಾದರೆ ಏನು ತೆಗೆಯಬೇಕು? ಉತ್ತರ ಸಿಕ್ಕಿದ್ದು ಒಂದು ರಾತ್ರಿ ಕೀಚಕವಧೆಯ ಆಟದಲ್ಲಿ. ಕಥೆ ನಿಮಗೆ ಗೊತ್ತು. ಸೈರಂಧ್ರಿ ಅಂದರೆ ದ್ರೌಪದಿ. ಆ ಪಾತ್ರ ಮಾಡಿದವರು ಗಂಡಸು. ಕೀಚಕ ಎಳೆದಾಡುತ್ತಾನೆ, ಅವಳು ಅಡುಗೆಮನೆಯಲ್ಲಿರುವ ವಲಲ ಭೀಮನ ಹತ್ತಿರ ಬಂದು ಅಳುತ್ತಾಳೆ. ಗದ್ದೆ ತುಂಬ ಜನ, ಒಂದು ಕೆಮ್ಮು ಇಲ್ಲ. ನನ್ನ ಪಕ್ಕದ ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಸ್ವಲ್ಪ ಹೊತ್ತಿಗೆ ಕೀಚಕನನ್ನು ಹಿಡಿಯೋಕೆ ಭೀಮ ಸೀರೆ ಉಟ್ಟು ಬಂದ. ಅದೇ ಅಮ್ಮ ಬಿದ್ದು ಬಿದ್ದು ನಕ್ಕರು.

ಇಬ್ಬರೂ ಸೀರೆ ಉಟ್ಟ ಗಂಡಸರು. ಒಬ್ಬರನ್ನು ನೋಡಿ ಅಳು, ಇನ್ನೊಬ್ಬರನ್ನು ನೋಡಿ ನಗು. ಯಾಕೆ? ನಿಮ್ಮ ಹತ್ತು ನಿಮಿಷಕ್ಕೆ ಈ ಒಂದು ಪ್ರಶ್ನೆ ಸಾಕು ಅಂತ ನನಗೆ ಅನಿಸುತ್ತದೆ. ಸೀರೆ ಎರಡರಲ್ಲೂ ಇದೆ, ಹಾಗಾಗಿ ಉತ್ತರ ಸೀರೆಯಲ್ಲಿ ಇಲ್ಲ ಅಲ್ವಾ?

ಇದನ್ನೇ ನಮ್ಮವರಿಗೆ ಕೇಳಿದೆ. ಅವರು ಎದ್ದು ಮನೆಯ ಜಗುಲಿಯಲ್ಲಿ ಪಂಚೆಯಲ್ಲೇ ನಡೆದು ತೋರಿಸಿದರು. ಮುಖಕ್ಕೆ ಬಣ್ಣ ಇಲ್ಲ, ಜಡೆ ಇಲ್ಲ, ಎದೆಯ ಮೇಲೆ ಬಿಳಿ ಕೂದಲು. ಮೊದಲು ಕಾಡಿನಲ್ಲಿ ಒಬ್ಬಳೇ ಆದ ದಮಯಂತಿ. ಹೆಜ್ಜೆ ನೆಲ ಹುಡುಕುತ್ತಿತ್ತು. ಆಮೇಲೆ ಭಸ್ಮಾಸುರನ ಎದುರು ಮೋಹಿನಿ. ಕಣ್ಣು ಮೊದಲು ಹೋಯಿತು, ಕುತ್ತಿಗೆ ಆಮೇಲೆ, ಕಾಲು ಕೊನೆಗೆ. ಅದಾದ ಮೇಲೆ ಕಸೆ ಸ್ತ್ರೀವೇಷದ, ಅಂದರೆ ವೀರ ಹೆಣ್ಣಿನ ವೇಷದ ಪ್ರಮೀಳೆ, ಅರ್ಜುನನ ಕುದುರೆ ಕಟ್ಟಿಹಾಕಿದವಳು. ಭುಜ ಅಗಲವಾಯಿತು, ಹೆಜ್ಜೆ ಭಾರವಾಯಿತು, ಆದರೂ ಗಂಡಸಾಗಲಿಲ್ಲ. ಕೊನೆಗೆ ಸೀರೆ ಉಟ್ಟ ಭೀಮ. ಅಲ್ಲಿ ಬೇಕು ಅಂತಲೇ ಹೆಣ್ಣುತನವನ್ನು ಅರ್ಧಕ್ಕೆ ಬಿಟ್ಟರು. ಸೊಂಟ ಬಳುಕಿತು, ಪಾದ ಮಾತ್ರ ಗದೆ ಹೊತ್ತವನ ಪಾದ.

‘ಆನು ಹೆಣ್ಣಾಗ್ತ್ನಿಲ್ಲೆ. ದಮಯಂತಿ ಆಗ್ತಿ’ ಅಂದರು. ನಾನು ಹೆಂಗಸಾಗುವುದಿಲ್ಲ, ದಮಯಂತಿ ಆಗುತ್ತೇನೆ ಅಂತ.

ಆ ಜಗುಲಿಯ ನಾಲ್ಕು ನಿಮಿಷ ಟ್ರೈಪಾಡ್ ಮೇಲೆ ಇಟ್ಟು ಒಂದೇ ಶಾಟ್‌ನಲ್ಲಿ ತೆಗೆದದ್ದು. ನನ್ನ ಇಡೀ ಚಿತ್ರದಲ್ಲಿ ನೋಡುವಂಥದ್ದು ಅದೊಂದೇ. ಎರಡನೇ ಕಟ್‌ನಲ್ಲಿ ಚೌಕಿಯ ದೃಶ್ಯ ಪೂರ್ತಿ ತೆಗೆದು ಇದನ್ನೇ ಮೊದಲಿಗೆ ಇಟ್ಟೆ. ಬಣ್ಣ ಇಲ್ಲದೆ ಕಸುಬು ತೋರಿಸಿಬಿಟ್ಟರೆ, ಆಮೇಲೆ ವೇಷ ಬಂದಾಗ ಜನ ಸೀರೆ ನೋಡುವುದಿಲ್ಲ, ಪಾದ ನೋಡುತ್ತಾರೆ.

ಮೋಹಿನಿಯ ಬಗ್ಗೆ ಇನ್ನೊಂದು ಮಾತು. ಗಂಡು ಕಲಾವಿದ ವಿಷ್ಣುವಾಗಿ, ಆ ವಿಷ್ಣು ಹೆಣ್ಣಾಗಿ, ಆ ಹೆಣ್ಣಿನ ಕುಣಿತವನ್ನು ಭಸ್ಮಾಸುರ ನಕಲು ಮಾಡಿ ತನ್ನ ತಲೆಯ ಮೇಲೆ ಕೈ ಇಟ್ಟು ಸಾಯುತ್ತಾನೆ. ವೇಷದೊಳಗೆ ವೇಷ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ನಮ್ಮ ಕಡೆ ಮನೆಮಾತು. ಎದುರಿನ ಮೋಹಿನಿ ಗಟ್ಟಿ ಇಲ್ಲದಿದ್ದರೆ ಭಸ್ಮಾಸುರ ಏನು ನಕಲು ಮಾಡಬೇಕು ಹೇಳಿ? ಆದರೆ ಜನಕ್ಕೆ ನೆನಪಿರುವುದು ಭಸ್ಮಾಸುರನ ಹೆಸರು ಮಾತ್ರ. ಮಂಟಪ ಪ್ರಭಾಕರ ಉಪಾಧ್ಯರು ಏಕವ್ಯಕ್ತಿ ಯಕ್ಷಗಾನದಲ್ಲಿ ಸ್ತ್ರೀವೇಷವೊಂದನ್ನೇ ಇಟ್ಟು ಇಡೀ ರಂಗ ತುಂಬಿಸುತ್ತಾರೆ. ಅವರ ಒಂದು ಪ್ರದರ್ಶನವನ್ನಾದರೂ ಶೂಟಿಂಗ್‌ಗೆ ಮೊದಲು ನೋಡಿಕೊಳ್ಳಿ. ಹಾಗೇ ಹೆಂಗಸರ ಯಕ್ಷಗಾನ ತಂಡಗಳೂ ಈಗ ಇವೆ. ಕಿರೀಟ ಕಟ್ಟಿ ಅಬ್ಬರಿಸುವ ಹೆಣ್ಣುಮಗಳನ್ನು ಯಾಕೆ ಯಾರೂ ‘ವೇಷ ಬದಲಾವಣೆಯ ಅಚ್ಚರಿ’ ಅಂತ ತೋರಿಸುವುದಿಲ್ಲ ಅಂತ ನನಗೆ ಕುತೂಹಲ. ಸಮಯ ಇದ್ದರೆ ಕೇಳಿ ನೋಡಿ.

ಶೂಟಿಂಗ್ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಬಯಲಾಟ ಇರುವುದು ದೀಪಾವಳಿ ಕಳೆದ ಮೇಲೆ ಮಳೆಗಾಲ ಬರುವ ತನಕ, ಸಬ್‌ಮಿಷನ್ ತಾರೀಕು ಅದಕ್ಕೆ ಹೊಂದಿಸಿಕೊಳ್ಳಿ. ಈಗ ಹೆಚ್ಚಿನ ಕಡೆ ಕಾಲಮಿತಿಯ ಆಟ, ಮಧ್ಯರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಬೆಳಗಿನವರೆಗೆ ನಡೆಯುವ ಆಟ ಸಿಕ್ಕರೆ ಬ್ಯಾಟರಿ ಜಾಸ್ತಿ ಒಯ್ಯಿರಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್ ಕೆಳಗೆ ಶಟರ್ 1/50 ಅಥವಾ 1/100 ಇಡಿ, ಫ್ರೇಮ್ ರೇಟ್ 25. ಇಲ್ಲದಿದ್ದರೆ ಚಿತ್ರ ಮಿಣುಕುತ್ತದೆ. ಮೊದಲ ರಾತ್ರಿಯ ನನ್ನ ಫುಟೇಜ್ ಪೂರ್ತಿ ಹೋಗಿದ್ದು ಹೀಗೇ.

ಚಂಡೆ ನಿಮ್ಮ ಮೈಕಿನ ಶತ್ರು. ರೆಕಾರ್ಡರನ್ನು ಹಿಮ್ಮೇಳದ ಹತ್ತಿರ ಇಡಲೇಬೇಡಿ. ಮೈಕ್‌ನವರಿಗೆ ಒಂದು ಚಾ ಕುಡಿಸಿ ಅವರ ಮಿಕ್ಸರ್‌ನಿಂದ ಒಂದು ಲೈನ್ ಕೇಳಿ, ಜೊತೆಗೆ ನಿಮ್ಮ ರೆಕಾರ್ಡರ್ ಜನರ ನಡುವೆ ಇರಲಿ, ಗೇನ್ ತಗ್ಗಿಸಿ. ಜನರ ನಗು, ಮೌನ ನಿಮಗೆ ಬೇಕು. ಶೃಂಗಾರದ ಪದ್ಯ ಬಂದಾಗ ಚಂಡೆ ಹಿಂದೆ ಸರಿದು ಮದ್ದಲೆ ಮುಂದೆ ಬರುತ್ತದೆ, ಗೆಜ್ಜೆಯ ಸದ್ದು ಹಿಡಿಯೋಕೆ ಅದೇ ಹೊತ್ತು. ದನಿಯನ್ನೂ ಗಮನಿಸಿ. ನಮ್ಮವರು ಕೀರಲು ದನಿ ತೆಗೆಯುತ್ತಲೇ ಇರಲಿಲ್ಲ. ಮಾತಿನ ಓಟ ತಗ್ಗಿಸಿ, ವಾಕ್ಯದ ಕೊನೆಯನ್ನು ಸ್ವಲ್ಪ ಇಳಿಸುತ್ತಿದ್ದರು, ಅಷ್ಟೇ.

ಚೌಕಿಗೆ ಹೋಗುವಾಗ ಚಪ್ಪಲಿ ಹೊರಗೆ. ಅಲ್ಲಿ ಗಣಪತಿ ಇಟ್ಟಿರುತ್ತಾರೆ, ಪೂಜೆ ಆಗುತ್ತದೆ. ಮೊದಲು ಮೇಳದ ಯಜಮಾನರನ್ನು, ಆಮೇಲೆ ಭಾಗವತರನ್ನು ಕೇಳಿ. ಬಟ್ಟೆ ಬದಲಾಯಿಸುವಾಗ ಕ್ಯಾಮರಾ ಕೆಳಗಿಡಿ, ಯಾರೂ ಹೇಳದಿದ್ದರೂ. ಸಂದರ್ಶನಕ್ಕೆ ಆಟದ ಮಾರನೇ ಬೆಳಿಗ್ಗೆ ಹೋಗಬೇಡಿ, ನಿದ್ದೆಯಲ್ಲಿರುತ್ತಾರೆ. ಮಧ್ಯಾಹ್ನ ಊಟ ಆದ ಮೇಲೆ ಹೋಗಿ. ‘ಮನೆಯವರು ಏನಂತಾರೆ?’ ಅನ್ನೋ ಪ್ರಶ್ನೆ ಬೇಡ, ಅದನ್ನು ಎಲ್ಲರೂ ಕೇಳಿ ಆಗಿದೆ. ‘ಯಾವ ಪದ್ಯ ಕಷ್ಟ? ಯಾರ ವೇಷ ನೋಡಿ ಕಲಿತಿರಿ?’ ಅಂತ ಕೇಳಿ, ಮಾತು ತಾನಾಗಿ ಹರಿಯುತ್ತದೆ.

ಒಪ್ಪಿಗೆ ಕಾಗದದ ಮೇಲೆ ಇರಲಿ. ಕಾಲೇಜಿಗೆ ಮಾತ್ರವಾ, ಯೂಟ್ಯೂಬಿಗೂ ಹಾಕುತ್ತೀರಾ ಅನ್ನೋದನ್ನು ಬೇರೆ ಬೇರೆ ಬರೆಸಿ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಪ್ರದರ್ಶಕರಿಗೂ ಹಕ್ಕಿದೆ, ಭಾಗವತರು, ಮದ್ದಲೆಯವರು ಎಲ್ಲರಿಗೂ. ಡ್ರ್ಯಾಗ್ ಶೋ ತುಣುಕು ಬಳಸುವುದಾದರೆ ಹಿಂದೆ ಸಿನಿಮಾ ಹಾಡು ಇರುವ ಸಾಧ್ಯತೆ ಜಾಸ್ತಿ. ಯೂಟ್ಯೂಬ್ ತಕ್ಷಣ ಹಿಡಿಯುತ್ತದೆ.

ಮತ್ತೆ, ರಫ್ ಕಟ್ ಆದ ಕೂಡಲೇ ಅವರ ಮನೆಗೆ ಲ್ಯಾಪ್‌ಟಾಪ್ ಒಯ್ದು ತೋರಿಸಿ. ಮನೆಯವರೆಲ್ಲ ಕೂತಿರುವಾಗಲೇ. ನಾನು ಎರಡನೇ ಕಟ್ ಹಾಗೇ ತೋರಿಸಿದೆ. ಮಗಳು ಮೊದಲು ಬಾಗಿಲ ಹಿಂದೆ ನಿಂತಿದ್ದಳು, ಜಗುಲಿಯ ದೃಶ್ಯ ಬಂದಾಗ ಮುಂದೆ ಬಂದು ಕೂತಳು. ಮುಗಿದ ಮೇಲೆ ಅಪ್ಪನ ಮುಖ ನೋಡಿದಳು. ನಾನೂ ನೋಡಿದೆ, ಏನಾದರೂ ದೊಡ್ಡ ಮಾತು ಹೇಳುತ್ತಾರೇನೋ ಅಂತ. ಅವರು ಮೋಹಿನಿಯ ದೃಶ್ಯ ಹಿಂದಕ್ಕೆ ಓಡಿಸೋಕೆ ಹೇಳಿ, ಪರದೆಯ ಮೇಲೆ ಬೆರಳಿಟ್ಟರು.

‘ಜಡೆ ಓರೆ ಆಗಿತ್ತಲೋ ತಮಾ, ಆಗ್ಲೇ ಹೇಳಲಾಗ್ತಿತ್ತಿಲ್ಯ?’